ಹೆಸರಿನ ಪೆಟ್ಟಿಗೆಯ ಪಾರುಪತ್ತೇಗಾರ

ಆಯುಧಪೂಜೆಯ ದಿನ ಬೆಳಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಾಲ್ಕು ತಾಲ್ಲೂಕಿನ ಕಾಲೇಜುಗಳು ಇಂಟರ್ನೆಟ್ಟಿನಿಂದ ಮಾಯವಾದವು. ಮಾಯ ಮಾಡಿದ ನಂಜುಂಡಪ್ಪನವರು ಮಧುಗಿರಿಯ ತಮ್ಮ ಮನೆಯಲ್ಲಿ ಹಬ್ಬದೂಟದ ದಾರಿ ಕಾಯುತ್ತಿದ್ದರು.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಕಾಲೇಜುಗಳಿಗೆಲ್ಲ ಸೇರಿ ಒಂದೇ ಜಾಲ. ನಾವು ಒತ್ತಿದ ಹೆಸರನ್ನು ಕಂಪ್ಯೂಟರಿಗೆ ತಿಳಿಯುವ ಅಂಕಿಯ ವಿಳಾಸವಾಗಿ ತಿರುಗಿಸಿಕೊಡುವ ಪೆಟ್ಟಿಗೆ ಇದ್ದದ್ದು ಮಧುಗಿರಿಯಲ್ಲಿ. ಅದು ಸುಮ್ಮನಾದರೆ ಪುಟಗಳು ಇದ್ದಲ್ಲೇ ಇರುತ್ತವೆ, ದಾರಿ ಮಾತ್ರ ಯಾರಿಗೂ ಸಿಗದು. ಅದರ ಉಸ್ತುವಾರಿ ನಂಜುಂಡಪ್ಪನವರದು. ಬೀಗದ ಕೈ ಉಡಿದಾರದಲ್ಲಿ, ಪಾಸ್‌ವರ್ಡ್ ಹೊಟ್ಟೆಯಲ್ಲಿ. ಏನು ಕೇಳಿದರೂ "ಅದೆಲ್ಲ ನಿಂಗೆ ತಿಳಿಯಕ್ಕಿಲ್ಲ ಬುಡಮ್ಮ" ಎನ್ನುತ್ತಿದ್ದರು. ಹೋದ ತರಬೇತಿಗಳಿಂದೆಲ್ಲ ಅವರು ಕಲಿತು ಬಂದದ್ದು ಅಲ್ಲಿನ ಊಟದ ರುಚಿಯೊಂದನ್ನೇ.

ನಾನು ಕೊರಟಗೆರೆಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅಂದು ಪರೀಕ್ಷಾ ಅರ್ಜಿಗೆ ಕೊನೆಯ ದಿನ. ಅರ್ಜಿ ತುಂಬುವ ಕಾಲೇಜಿನ ಪುಟ ಸಂಜೆ ಐದಕ್ಕೆ ಮುಚ್ಚುತ್ತಿತ್ತು. ಹಬ್ಬಕ್ಕೆಂದು ತನ್ನೂರು ಪಾವಗಡಕ್ಕೆ ಹೋಗಿದ್ದ ನನ್ನ ವಿದ್ಯಾರ್ಥಿನಿ ನಾಗಲಕ್ಷ್ಮಿ ಫೋನಿನಲ್ಲಿ ತೆಲುಗು ಬೆರೆಸಿ ಅಳುತ್ತಿದ್ದಳು.

"ಪೇಜು ರಾಲೇದು ಮೇಡಂ, ಬರ್ತಾನೇ ಇಲ್ಲ. ಇನ್ನೊಂದು ವರ್ಷ ಓದ್ಸಕ್ಕಾಗಲ್ಲ ಅಂತ ನಮ್ಮಪ್ಪ ಹೇಳ್ಬುಟ್ಟವ್ರೆ."

ನಂಜುಂಡಪ್ಪನವರು ಫೋನ್ ಎತ್ತಲಿಲ್ಲ. ಸ್ಕೂಟರ್ ಏರಿ ಅವರ ಮನೆಗೇ ಹೋದೆ. ಊಟ ಮುಗಿಸಿ ಒರಗಿದ್ದರು.

"ಕೆಟ್ಟಿಲ್ಲ ಕಣಮ್ಮ, ನಾನೇ ಆಫ್ ಮಾಡಿವ್ನಿ. ವರ್ಷವೆಲ್ಲ ದುಡೀತದೆ, ಒಂದಿನ ರಜಾ ಬ್ಯಾಡ್ವಾ?"

"ಇಂಥ ಹೊತ್ತಿಗೇ ಅಂತ ಸಿರಾದಲ್ಲಿ ಇನ್ನೊಂದು ಇಟ್ಟಿದ್ದಾರಲ್ಲ ಸಾರ್?"

"ಅದನ್ನೂ ಜೀಪಲ್ಲಿ ತರಿಸ್ಬುಟ್ಟೆ. ಒಂದಕ್ಕೆ ಪೂಜೆ, ಇನ್ನೊಂದಕ್ಕಿಲ್ಲ ಅಂದ್ರೆ ಹೆಂಗೆ?"

ನಾಗಲಕ್ಷ್ಮಿಯ ವಿಷಯ ಹೇಳಿದೆ.

"ಇವತ್ತು ಆಯುಧ ಮುಟ್ಟಂಗಿಲ್ಲ" ಎಂದು ಮೊಬೈಲು ಉಜ್ಜುತ್ತಾ ಕುಳಿತರು.

ಅಡುಗೆಮನೆಯಿಂದ ಅವರ ಹೆಂಡತಿ ಬಂದರು. "ಬೆಳಗ್ನಿಂದ ಉಜ್ತಾ ಕುಂತಿದ್ದೀರಲ್ಲ, ಅದೇನು ಆಯುಧ ಅಲ್ವಾ? ಏಳ್ರೀ ಮೇಲೆ!"

ಎದ್ದರು. ಮಧುಗಿರಿ ಕಾಲೇಜಿನ ಪೆಟ್ಟಿಗೆ ಕೋಣೆಯಲ್ಲಿ ಬಾಳೆಕಂದು, ಬೂದುಗುಂಬಳ, ಪೆಟ್ಟಿಗೆಗಳ ಗಾಳಿಕಿಂಡಿಯ ತುಂಬ ಕುಂಕುಮ. "ಮುಹೂರ್ತ ನೋಡ್ಬೇಕು" ಎಂದು ಅವರು ಬಾಗಿಲಲ್ಲೇ ನಿಂತಾಗ ನಾನೇ ಹಾರ ಸರಿಸಿ, ಕಿಂಡಿ ಒರೆಸಿ, ಗುಂಡಿ ಒತ್ತಿದೆ. ಪಾಸ್‌ವರ್ಡ್ ಒತ್ತುವಾಗ ಮಾತ್ರ ಹೆಗಲ ಮೇಲಿನ ಟವೆಲನ್ನು ನನಗೆ ಅಡ್ಡ ಹಿಡಿದರು. ಐದು ಗಂಟೆ ಹತ್ತಿರವಾಗುತ್ತಿತ್ತು. ಫೋನಿನಲ್ಲಿ ನಾಗಲಕ್ಷ್ಮಿ ಕಿರುಚಿದಳು: "ವಚ್ಚಿಂದಿ ಮೇಡಂ! ಪೇಜು ಬಂತು!"

ಕೆಲ ದಿನಗಳಲ್ಲೇ ನಂಜುಂಡಪ್ಪನವರಿಗೆ ಸನ್ಮಾನವಾಯಿತು. "ನಾಲ್ಕು ತಾಲ್ಲೂಕಿನ ಮಕ್ಕಳಿಗೋಸ್ಕರ ಹಬ್ಬದೂಟ ಅರ್ಧಕ್ಕೆ ಬುಟ್ಟು ಓಡ್ದೆ" ಎಂದು ಶಾಲು ಹೊದ್ದು ಭಾಷಣ ಮಾಡಿದರು. ಮೆಚ್ಚಿದ ಮೇಲಿನವರು ಬಡ್ತಿ ಕೊಟ್ಟು ಬೇರೆ ಜಿಲ್ಲೆಗೆ ಕಳಿಸಿದರು. ನಾನು ಅವರನ್ನು ಕಂಡದ್ದು ಅದೇ ಕೊನೆ. ನನಗೆ ಮಾತ್ರ ನಿದ್ದೆ ಹಾಳಾಯಿತು. ನಡುವೆ ಎಚ್ಚರವಾದಾಗಲೆಲ್ಲ ಮೊಬೈಲಿನಲ್ಲಿ ಪುಟ ತೆರೆಯುತ್ತದೆಯೇ ಎಂದು ನೋಡುತ್ತಿದ್ದೆ.

ಮತ್ತೆ ಆಯುಧಪೂಜೆ ಬಂತು. ಹೊಸ ಉಸ್ತುವಾರಿಯವರು ಓಡುತ್ತಿದ್ದ ಪೆಟ್ಟಿಗೆಗೇ ಒಂದು ಬೊಟ್ಟು ಕುಂಕುಮವಿಟ್ಟು ಕೈಮುಗಿದರು. ಸಿರಾದ ಪೆಟ್ಟಿಗೆ ಸಿರಾದಲ್ಲೇ ಇತ್ತು. ಮಧ್ಯಾಹ್ನ ನಂಜುಂಡಪ್ಪನವರಿಂದ ಹಬ್ಬದ ಶುಭಾಶಯ ಬಂತು, ಜೊತೆಗೊಂದು ಫೋಟೊ: ಹೊಸ ಊರಿನ ಪೆಟ್ಟಿಗೆಗಳು, ಮೊಳಗಟ್ಟಲೆ ಚೆಂಡುಹೂವು, ಒಂದರಲ್ಲೂ ಮಿಣುಕು ದೀಪವಿಲ್ಲ.

ಅಲ್ಲಿನ ಕಾಲೇಜಿಗೆ ಫೋನ್ ಮಾಡಿದೆ. ಪಾಪ, ಅವರಿಗೂ ಏನಾಗಿದೆಯೆಂದು ತಿಳಿಯದೆ ಕಂಗಾಲಾಗಿದ್ದರು.

"ಅವರ ಮನೆಗೆ ಹೋಗಿ" ಎಂದೆ. "ಅವರನ್ನು ಕೇಳಬೇಡಿ. ಹೆಂಡತಿಗೆ ಹೇಳಿ."

ಆ ರಾತ್ರಿ ಬೆಳಗಾಗುವವರೆಗೆ ನಿದ್ದೆ ಮಾಡಿದೆ.