ಮುಳುಗಿಸಿ ಎಬ್ಬಿಸಿದ ಲಾಂಚು

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ನಾನು ದೇವದುರ್ಗದ ದವಾಖಾನೆಯಲ್ಲಿ ಸೂಲಗಿತ್ತಿಯಾಗಿದ್ದೆ. ಮಾನ್ವಿಯ ಮಡಿವಂತರ ಮನೆಯ ವಿಧವೆ ರಾಯಚೂರಿಗೆ ಹೋಗಿ ಹೆರಿಗೆ ಮಾಡಿಸುವುದನ್ನು ಕಲಿತಳೆಂದು ನೆಂಟರು ಮುಖ ಸಿಂಡರಿಸಿದ್ದರು. ಸಿಂಡರಿಸಲಿ ಎಂದು ಬಿಟ್ಟಿದ್ದೆ.

ನನ್ನ ಸಿಟ್ಟೆಲ್ಲ ಕೃಷ್ಣಾ ಹೊಳೆಯ ಮೇಲಿತ್ತು. ಒಂದು ಶ್ರಾವಣದಲ್ಲಿ ಆಚೆ ದಂಡೆಯವರು ಹೆರಿಗೆಗೆ ನನ್ನನ್ನು ಕರೆಯಲು ಕೆಂಪು ಸೀರೆ ಬೀಸಿದರು. ಹೊಳೆ ತುಂಬಿತ್ತು, ಹರಿಗೋಲಿನವನು ಕೈಮುಗಿದುಬಿಟ್ಟ. ಚೀಲ ಹಿಡಿದು ಈಚೆ ದಂಡೆಯಲ್ಲೇ ನಿಂತೆ. ಸಂಜೆಗೆ ಸೀರೆ ಕೆಳಗಿಳಿಯಿತು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ. ಮರುವರ್ಷ ಆಕೆ ಮತ್ತೆ ಬಸುರಿ, ದಿನ ತುಂಬುವುದೂ ಶ್ರಾವಣಕ್ಕೇ. ಮೊದಲೇ ಈಚೆ ಬಂದು ಇರೋಣವೆಂದರೆ ಈ ದಂಡೆಯಲ್ಲಿ ಆಕೆಗೆ ತವರೂ ಇಲ್ಲ, ನೆಂಟರೂ ಇಲ್ಲ.

ದಂಡೆಯಲ್ಲಿ ಒಂದು ಹಳೇ ಲಾಂಚು, ಎಂಜಿನ್ನಿನಿಂದ ಓಡುವ ಮರದ ದೋಣಿ, ಬಿದ್ದಿತ್ತು. ಯಾವ ಕಾಲದಲ್ಲೋ ಹೊಳೆ ಅಳೆಯುವ ಸಾಹೇಬರಿಗಾಗಿ ರಾಯಚೂರಿನವರೆಗೆ ರೈಲಿನಲ್ಲಿ, ಅಲ್ಲಿಂದ ಬಂಡಿಗಳ ಮೇಲೆ ಬಂದದ್ದಂತೆ. ಸಾಹೇಬರು ಹೋದ ಮೇಲೆ ಬೇವಿನ ಕೆಳಗೆ ಕೋಳಿಗಳ ಪಾಲಾಗಿತ್ತು. ಕಚೇರಿಯವರ ತಲೆ ತಿಂದು ದುರಸ್ತಿಗೆ ಒಪ್ಪಿಸಿದೆ. ಬಿಚ್ಚಿದ ಎಂಜಿನ್ನು ಹಿಟ್ಟಿನ ಗಿರಣಿಯವನ ಬಳಿ ಹೋಯಿತು. ಮರಗೆಲಸಕ್ಕೆ ರಾಯಚೂರಿನಿಂದ ಬಂಡಿ ತಯಾರಿಸುವ ಬಡಗಿ, ಮುದುಕ ಚಾಚಾ ಬಂದರು.

ನನ್ನ ಅವಸರಕ್ಕೆ ಅವರು ಎರಡು ಸಲ ಬಿರುಕುಗಳಿಗೆ ಡಾಂಬರು ಬಳಿದರು. ಎರಡು ಸಲವೂ ಹೊಳೆಗಿಳಿಸಿದೊಡನೆ ನೀರು ಒಳಗೆ ನುಗ್ಗಿತು.

"ಮುಳುಗಿಸಿ ಬಿಡೂಣ್ರಿ, ಬಾಯಾರ," ಎಂದರು ಚಾಚಾ.

"ತಲಿ ನೆಟ್ಟಗದ ಇಲ್ಲೋ ನಿಮಗ?"

"ಬ್ಯಾಸಗ್ಯಾಗ ಬಂಡಿ ಗಾಲಿ ಸಡ್ಲಾದ್ರ ಹಳ್ಳದ ನೀರಾಗ ಇಡೂದಿಲ್ಲೇನ್ರಿ? ಒಣಗಿದ ಕಟ್ಟಿಗಿ ನೀರು ಕುಡದು ಉಬ್ಬತದ. ಇದೂ ಕಟ್ಟಿಗೀನ ಅದ."

ಬಾಯಿಗೆ ಬಂದಂತೆ ಬೈದೆ. ಆಮೇಲೆ, ನಮ್ಮ ಹೊಲದ ಬಂಡಿ ಗಾಲಿಗಳೂ ಪ್ರತಿ ಬೇಸಿಗೆ ಹಳ್ಳದಲ್ಲಿ ಬಿದ್ದಿರುತ್ತಿದ್ದುದು ನೆನಪಾಗಿ ಒಪ್ಪಿಕೊಂಡೆ.

ದಂಡೆಯ ಪಕ್ಕದಲ್ಲೇ ಕಲ್ಲು ಹೇರಿ ಲಾಂಚನ್ನು ಮುಳುಗಿಸಿದರು. ಎಂಟು ದಿನ ನನಗೆ ಊಟ ಸೇರಲಿಲ್ಲ. ಒಂಬತ್ತನೆಯ ದಿನ ಕಲ್ಲು ತೆಗೆದು, ನೀರು ಚೆಲ್ಲಿ ಎಬ್ಬಿಸಿದರು. ಮಧ್ಯಾಹ್ನದವರೆಗೆ ನಾನು ಒಳಗೇ ಕೂತು ಹಲಗೆಗಳನ್ನೇ ನೋಡಿದೆ. ಒಂದು ಚೊಂಬಿನಷ್ಟೂ ನೀರು ಬರಲಿಲ್ಲ. ಚಾಚಾನ ಕಾಲಿಗೆ ಬೀಳಬೇಕೆನಿಸಿತು. ಬಿಗುಮಾನ ಬಿಡಲಿಲ್ಲ, ಚಹಾ ಕುಡಿಸಿದೆ.

ಶ್ರಾವಣದಲ್ಲಿ ಆಚೆ ದಂಡೆಯಲ್ಲಿ ಅದೇ ಕೆಂಪು ಸೀರೆ ಮೇಲೆದ್ದಿತು. ದುರಸ್ತಿಯಾಗಿ ಲಾಂಚಿಗೆ ಮರಳಿದ್ದ ಎಂಜಿನ್ನನ್ನು ಗಿರಣಿಯವನು ಶುರು ಮಾಡಿದ. ತುಂಬಿದ ಹೊಳೆ ಲಾಂಚನ್ನು ಬಹಳ ದೂರ ಎಳೆದಾಡಿತು, ಆದರೂ ದಾಟಿದೆವು. ನಾನು ಇಳಿಯುವವರೆಗೂ ಆಚೆಯವರು ಸೀರೆ ಬೀಸುವುದನ್ನು ನಿಲ್ಲಿಸಲಿಲ್ಲ.

ಹೆಣ್ಣು ಕೂಸು, ಗಂಟಲು ಗಟ್ಟಿಯಿತ್ತು. ಕೂಸನ್ನು ಸುತ್ತಲು ಮೆತ್ತನೆಯ ಬಟ್ಟೆ ಕೇಳಿದೆ. ಬಾಣಂತಿಯ ಅತ್ತೆ ಆ ಸೀರೆಯನ್ನೇ ಹರಿದು ಕೊಟ್ಟಳು.

"ತಗೋ ಯವ್ವಾ. ಇದನ್ನ ಬೀಸೂ ಕೆಲಸ ಮುಗೀತಲ್ಲ," ಎಂದಳು.