ಜೊತೆಗೆ ಬಂದ ಡಾಕ್ಟ್ರು

ನಮ್ಮ ಡಾಕ್ಟ್ರ ಎಡಗಿವಿಗೆ ತುದಿಯೇ ಇರಲಿಲ್ಲ. ಉತ್ತರ ಧ್ರುವದ ಹತ್ತಿರ, ವಿಮಾನ ಬಿಟ್ಟರೆ ಬೇರೆ ದಾರಿಯೇ ಇಲ್ಲದ ಪುಟ್ಟ ಊರೊಂದಕ್ಕೆ ಅವರು ವರ್ಷಗಟ್ಟಲೆ ಒಬ್ಬರೇ ಡಾಕ್ಟರಾಗಿದ್ದರು. ಕಿವಿಯ ತುದಿ ಅಲ್ಲಿನ ಚಳಿಗೆ ಹೋಗಿತ್ತು. ಅಲ್ಲಿಂದ ನೇರ ದೋಹಾದ ಬಿಸಿಲಿಗೆ ಬಂದ ಈ ಉಡುಪಿಯ ಮಹಾನುಭಾವರು, ದೋಹಾ ಅಲ್ ಜದೀದಾ ಬಡಾವಣೆಯ ತಮ್ಮ ಕ್ಲಿನಿಕ್ಕಿನಲ್ಲಿ ಎಸಿ ಹಾಕಲು ಬಿಡುತ್ತಿರಲಿಲ್ಲ. ನಾವು ಬೆವರು ಒರೆಸಿಕೊಂಡರೆ, "ಚಳಿ ಅಂದ್ರೆ ಎಂತದ್ದು ಅಂತ ನಿಮಗೆ ಗೊತ್ತಿಲ್ಲ, ಕೂತ್ಕೊಳ್ಳಿ" ಎನ್ನುತ್ತಿದ್ದರು.

ಧ್ರುವದ ಹತ್ತಿರದ ಆ ಊರಿನ ಜನ 'ಹೌದು' ಎನ್ನಲು ಬಾಯಿ ತೆರೆಯದೆ ಹುಬ್ಬು ಏರಿಸುತ್ತಾರಂತೆ. ಆ ಅಭ್ಯಾಸ ಇವರಿಗೂ ಅಂಟಿತ್ತು. "ಮೀನು ತಿನ್ನಬಹುದಾ ಡಾಕ್ಟ್ರೇ?" ಎಂದು ನಾನು ಕೇಳಿದಾಗ ಹುಬ್ಬು ಮೇಲೆ ಹೋಯಿತು. ಗದರಿದರು ಎಂದುಕೊಂಡು ತಿಂಗಳುಗಟ್ಟಲೆ ಬಂಗುಡೆ ಮುಟ್ಟಲಿಲ್ಲ. ವಿಷಯ ಗೊತ್ತಾದಾಗ ಮೈಯೆಲ್ಲ ಉರಿಯಿತು. "ಬಾಯಿ ಬಿಟ್ಟು ಹೇಳಿದ್ರೆ ಎಂತ ಮುತ್ತು ಉದುರ್ತದಾ?" ಎಂದು ಕೇಳಿಯೇಬಿಟ್ಟೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ದೋಹಾದ ವೆಸ್ಟ್ ಬೇಯಲ್ಲಿ ಗಗನಚುಂಬಿ ಕಟ್ಟಡಗಳು ಒಂದೊಂದಾಗಿ ಏಳುತ್ತಿದ್ದ ವರ್ಷಗಳವು. ಏಳು ತಿಂಗಳ ಬಸುರಿಯಾಗಿದ್ದ ನನಗೆ ಒಂದು ಮಧ್ಯಾಹ್ನ ರಕ್ತಸ್ರಾವ ಶುರುವಾಯಿತು. ಮೊದಲ ಮಗು. ಗಂಡ ಸಮುದ್ರದ ನಡುವೆ ತೈಲ ತೆಗೆಯುವಲ್ಲಿ ಕೆಲಸದಲ್ಲಿದ್ದರು. ಧೂಳಿನ ಬಿರುಗಾಳಿಗೆ ಹೆಲಿಕಾಪ್ಟರ್ ಹಾರುವಂತಿರಲಿಲ್ಲ. ಗೋಡೆ ಹಿಡಿದುಕೊಂಡು ಪಕ್ಕದ ಕಟ್ಟಡದ ಕ್ಲಿನಿಕ್ಕಿಗೆ ಹೋದೆ. ಡಾಕ್ಟ್ರು ಆ್ಯಂಬುಲೆನ್ಸ್ ಕರೆಸಿದರು.

ಸ್ಟ್ರೆಚರಿನ ಮೇಲೆ ಮಲಗಿ, "ನನ್ನೊಟ್ಟಿಗೆ ಯಾರೂ ಇಲ್ಲ ಡಾಕ್ಟ್ರೇ" ಎಂದು ಅತ್ತುಬಿಟ್ಟೆ. ಅವರ ಮುಖ ಬಿಳಿಚಿಕೊಂಡಿತು. ಕಾಯುತ್ತಿದ್ದವರಿಗೆ "ಇವತ್ತು ಖಲಾಸ್, ನಾಳೆ ಬನ್ನಿ" ಎಂದವರೇ ಬಾಗಿಲು ಹಾಕಿ ಆ್ಯಂಬುಲೆನ್ಸ್ ಹತ್ತಿದರು. "ಹೆದರ್ಬೇಡ ಮಾರಾಯ್ತಿ, ನಾನು ಉಂಟಲ್ಲ" ಎನ್ನುತ್ತಾ ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡಿದ್ದರು. ಹೆರಿಗೆ ವಾರ್ಡಿನೊಳಗೆ ಗಂಡಸರನ್ನು ಬಿಡಲಿಲ್ಲ. ಮಗಳು ಹುಟ್ಟಿದ ಸುದ್ದಿ ಬರುವ ತನಕ ಹೊರಗೆ ಕೂತೇ ಇದ್ದರಂತೆ.

ಮಗು ಚೇತರಿಸಿಕೊಂಡ ಮೇಲೆ ಎತ್ತಿಕೊಂಡು ಹೋಗಿ ಅವರ ಕಾಲು ಮುಟ್ಟಿದೆ. ಅವರು ನನ್ನ ಮುಖ ನೋಡಲಿಲ್ಲ.

"ಆ ಚಳಿಯ ಊರಲ್ಲಿಯೂ ಒಬ್ಬಳು ಬಸುರಿಯನ್ನು ದೊಡ್ಡಾಸ್ಪತ್ರೆಗೆ ಅಂತ ವಿಮಾನ ಹತ್ತಿಸಿದ್ದೆ. ನೀವೂ ಬನ್ನಿ ಅಂತ ನನ್ನ ಕೈ ಬಿಡ್ಲಿಲ್ಲ. ನಾನು ಹೋದ್ರೆ ಊರಿಗೆ ಡಾಕ್ಟ್ರೇ ಇಲ್ಲ. ಕೈ ಬಿಡಿಸ್ಕೊಂಡೆ. ದಾರಿಯಲ್ಲೇ ತೀರಿಕೊಂಡ್ಲು. ಅವತ್ತು ನಿನ್ನ ಆ್ಯಂಬುಲೆನ್ಸಲ್ಲಿ ನಾನು ಬಂದದ್ದು ಅವಳೊಟ್ಟಿಗೆ ಅಂತ ತಿಳ್ಕೊ."

ಮಗಳು ಶಾಲೆ ಸೇರಿದ ವರ್ಷ ಡಾಕ್ಟ್ರು ದೋಹಾದಲ್ಲೇ ತೀರಿಕೊಂಡರು. ಹೆಂಡತಿ ಮಕ್ಕಳಿರಲಿಲ್ಲ. ಶವಪೆಟ್ಟಿಗೆ ಕಳಿಸಿದರೆ ಸಾಕು, ಊರಲ್ಲಿ ಡಾಕ್ಟ್ರ ತಮ್ಮ ಬಂದು ತೆಗೆದುಕೊಳ್ಳುತ್ತಾರೆ, ಜೊತೆಗೆ ಯಾರೂ ಬೇಕಿಲ್ಲ ಎಂದರು ಎಲ್ಲರೂ. ನಾನು ಯಾರ ಮಾತೂ ಕೇಳಲಿಲ್ಲ. ಮಗಳ ಕೈ ಹಿಡಿದುಕೊಂಡು ಪೆಟ್ಟಿಗೆ ಇದ್ದ ಅದೇ ವಿಮಾನ ಹತ್ತಿದೆ.