ಆಯಿ ತೊಳೆದ ಚಕ್ರಗಳು

ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಂಥದರಲ್ಲಿ ನನ್ನ ತಂಗಿ ಕಛ್‌ನಿಂದ ಕಲ್ಲು ಹೊತ್ತು ತರುತ್ತಿದ್ದಳು. ಭೂವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ವಾಗ್ಳೆ ಎಸ್ಟೇಟಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ, ಲೋಕಲ್ ರೈಲಿನಲ್ಲಿ ಹಿಂಡಿಸಿಕೊಂಡು ಬಂದರೆ ನನ್ನ ಮಂಚದ ಮೇಲೂ ಕಲ್ಲು.

"ಮನೀ ಏನ ಇದು, ಖಣಿ ಏನ?" ಎಂದು ರೇಗುತ್ತಿದ್ದೆ.

"ನಿನಗಿಂತ ಭಾಳ ದೊಡ್ಡವರದಾರ, ಜಾಗಾ ಬಿಡು ಅಣ್ಣಾ."

ಅವು ಅಮೋನೈಟುಗಳು. ಸಮುದ್ರದಲ್ಲಿ ಬದುಕಿ ಎಂದೋ ಅಳಿದುಹೋದ ಪ್ರಾಣಿಗಳ ಸುರುಳಿ ಚಿಪ್ಪು, ಕಲ್ಲಾಗಿ ಉಳಿದದ್ದು. ಒಂದೊಂದು ಜಾತಿಯೂ ಸ್ವಲ್ಪ ಕಾಲವಷ್ಟೇ ಬದುಕಿತ್ತಂತೆ. ಹಾಗಾಗಿ ಯಾವ ಪದರದಲ್ಲಿ ಯಾವುದು ಸಿಕ್ಕಿತು ಎಂಬುದರಿಂದ ಬಂಡೆಯ ವಯಸ್ಸು ತಿಳಿಯುತ್ತದೆ. ಅವಳು ಪ್ರತಿ ಕಲ್ಲಿಗೂ ಬಿಳಿ ಬಣ್ಣದ ಚುಕ್ಕೆ ಹಚ್ಚಿ, ಅದರ ಮೇಲೆ ಕಪ್ಪು ಶಾಯಿಯಲ್ಲಿ ಪದರದ ನಂಬರ್ ಬರೆಯುತ್ತಿದ್ದಳು.

"ಅಗ ಆಯೀ, ಅಪ್ಪಾನ ಸಾಲಿಗ್ರಾಮದಾಗಿನ ಚಕ್ರಾನೂ ಇಂಥಾ ಪ್ರಾಣೀನ!" ಎಂದು ಒಮ್ಮೆ ಅಮ್ಮನಿಗೆ ಹೇಳಿದಳು. ಅಮ್ಮನನ್ನು ನಾವು ಆಯಿ ಎನ್ನುವುದು. ಆಯಿ ಬೆರಗಾದಳು. ನಮ್ಮಲ್ಲಿ ಸಾಲಿಗ್ರಾಮವನ್ನು ಹೆಂಗಸರು ಮುಟ್ಟುವಂತಿಲ್ಲ. ಅಪ್ಪ ಅಭಿಷೇಕ ಮಾಡುವಾಗ ಅವಳು ದೂರ ನಿಂತು ಹಾಲಿನ ತಂಬಿಗೆ ಮುಂದೆ ಸರಿಸುತ್ತಿದ್ದಳು, ಅಷ್ಟೇ.

ಆ ಮಳೆಗಾಲದಲ್ಲಿ ಡೆಂಗಿ ಜ್ವರ ಬಂದು ತಂಗಿ ತೀರಿಕೊಂಡಳು. ಬಂದವರೆಲ್ಲ ದೇವರ ಇಚ್ಛೆ ಎಂದಾಗ ನನಗೆ ಮೈ ಉರಿಯುತ್ತಿತ್ತು. ಎಂಥಾ ದೇವರು!

ಕೆಲವು ತಿಂಗಳ ಮೇಲೆ ಖಾರಘರದಿಂದ ಅವಳ ಗೈಡ್ ಮೇಡಂ ಬಂದರು, ಉಡುಪಿ ಕಡೆಯವರು. ತಂಗಿಯ ಕೆಲಸವನ್ನು ಅವಳ ಹೆಸರಿನಲ್ಲೇ ಅಚ್ಚು ಹಾಕಿಸಬೇಕೆಂದಿದ್ದರು. ಅದಕ್ಕೆ ಆ ಕಲ್ಲುಗಳು ಬೇಕಿದ್ದವು. ಅಷ್ಟು ದಿನಗಳಲ್ಲಿ ಮೊದಲ ಸಲ ನನ್ನ ಎದೆ ಹಗುರಾಯಿತು. ಅವಳ ಹೆಸರಾದರೂ ಎಲ್ಲೋ ಉಳಿಯುತ್ತದಲ್ಲ!

ತಂಗಿ ಹೋದ ಮೇಲೆ ಅವನ್ನೆಲ್ಲ ಎತ್ತಿಟ್ಟಿದ್ದವಳು ಆಯಿಯೇ; ತಟ್ಟೆಯಲ್ಲಿ ತಂದಿಟ್ಟಳು. ಕಲ್ಲುಗಳು ಫಳಫಳ ಹೊಳೆಯುತ್ತಿದ್ದವು. ಒಂದರ ಮೇಲೂ ಬಿಳಿ ಚುಕ್ಕೆಯಿರಲಿಲ್ಲ.

"ನಂಬರ್ ಎಲ್ಲಿ ಹೋಯಿತು?" ಮೇಡಂ ಕೇಳಿದರು.

"ದಿನಾ ಹಾಲು ಹಾಕಿ, ತಿಕ್ಕಿ ತೊಳೀತೀನ್ರೀ. ಇವು ಅಕಿ ತಂದ ದೇವರು, ಇವನ್ನ ನಾನೂ ಮುಟ್ಟಬಹುದು. ಹೊಸಾ ಭಾಂಡೆ-ಪಾತ್ರೆಕ್ಕ ಸ್ಟಿಕರ್ ಇರತದಲ್ಲ, ಆ ಬಿಳೀ ಚುಕ್ಕಿನೂ ಹಂಗ ಏನೋ ಅನಕೊಂಡು ಕೆರದು ತಗದೆ."

ಮೇಡಂ ಒಂದು ಕಲ್ಲನ್ನು ಎತ್ತಿ ತಿರುಗಿಸಿ ನೋಡಿದರು. "ಯಾವ ಪ್ರಾಣಿ ಅಂತ ಈಗಲೂ ಹೇಳಬಹುದು. ಯಾವ ಪದರದ್ದು ಅಂತ ಹೇಗೆ ಹೇಳುವುದು? ಅದಿಲ್ಲದೆ ಅಚ್ಚು ಹಾಕ್ಲಿಕ್ಕೆ ಆಗುವುದಿಲ್ಲ ಅಮ್ಮ."

ನನಗೆ ಕೂಗಾಡಬೇಕೆನಿಸಿತು. ಅಷ್ಟರಲ್ಲಿ ಆಯಿ ಕೇಳಿದಳು: "ಆ ನಂಬರ ಅಕಿ ಕೈಲೆ ಬರದದ್ದೇನ್ರೀ?"

ಮೇಡಂ ಹೌದೆಂದರು.

ಆಯಿ ಒಂದೊಂದೇ ಕಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಒಂದರ ಸುರುಳಿಯ ಸಂದಿನಲ್ಲಿ ಅರ್ಧ ಅಳಿಸಿದ ಏಳರ ಅಂಕೆ ಸಿಕ್ಕಿತು. ಅಷ್ಟರಿಂದ ಏನೂ ಆಗದು ಎಂದರು ಮೇಡಂ. ಅದು ಸರಿಯಾಗಿ ಕಾಣಲೆಂದು ಆಯಿ ಸೆರಗಿನಿಂದ ಒರೆಸಲು ಹೋದವಳು, ಗಕ್ಕನೆ ಕೈ ಹಿಂದೆ ತೆಗೆದಳು.